ಜವಳಗೇರಾಕ್ಕೆ ಅಂಟಿಸಿದ ಜೋಳ

ಸೀರೆಗೆ ಗಂಜಿ ಕಾಯಿಸುವಾಗ ಇವತ್ತಿಗೂ ಆ ಮಧ್ಯಾಹ್ನದ ವಾಸನೆ ಬರುತ್ತದೆ.

ಸಿಂಧನೂರಿನ ನಮ್ಮ ಕಾನ್ವೆಂಟಿನ ನಾಲ್ಕನೆಯ ತರಗತಿಗೆ ಜವಳಗೇರಾದ ಶಾಂತಾ ಬಂದು ತಿಂಗಳಾಗಿತ್ತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇನ್ನೂ ಪೆನ್ಸಿಲಿನಲ್ಲೇ ಇತ್ತು. ನಕಾಶೆಯ ಪಾಠ ಬಾರದಿದ್ದರೆ ದೂರದ ಅಂಧರ ಶಾಲೆಗೆ ಕಳಿಸುವುದೆಂದು ದೊಡ್ಡ ಸಿಸ್ಟರ್ ಹೇಳಿದ್ದರು. ಅದಕ್ಕೇ ನಮ್ಮ ಟೀಚರ್ ರಟ್ಟಿನ ಮೇಲೆ ಜಿಲ್ಲೆಯ ನಕಾಶೆ ಬರೆದು, "ಒಣಭೂಮಿಗೆ ಜೋಳ, ಕೆನಾಲ್ ಸೀಮೆಗೆ ನೆಲ್ಲು ಅಂಟಿಸ್ರಿ" ಎಂದರು. ಗಂಜಿ ಮೆತ್ತಿದ ಬೆರಳುಗಳಿಂದ ನಾವೆಲ್ಲ ಅಂಟಿಸಿದೆವು.

ದೊಡ್ಡ ಸಿಸ್ಟರ್ ಬಂದು ನಿಂತರು. ಶಾಂತಾಳ ಬೆರಳು ಮೆಲ್ಲಗೆ ಹರಿಯಿತು.

"ದುಂಡಗೈತ್ರಿ, ಜೋಳ. ಇದು ಲಿಂಗಸುಗೂರು. ಇಲ್ಲಿ ಚುಚ್ಚತೈತಿ, ನೆಲ್ಲು, ಸಿಂಧನೂರು." ತನ್ನೂರಿನ ಮೇಲೆ ಬೆರಳು ಗಕ್ಕನೆ ನಿಂತಿತು. "ಜವಳಗೇರಾಕ್ಕ ಜೋಳ ಹಾಕಿದಾಕಿ ಯಾರಬೇ? ನಮ್ಮೂರಿಗೆ ನೀರು ಬಂದು ಎಷ್ಟ್ ವರ್ಷ ಆತು! ನಮ್ಮಪ್ಪ ಕೇಳಿದ್ರ ನಿನ್ನ ನಾಟಿಗೆ ಇಳಸ್ತಾನ!"

ಹಾಕಿದವಳು ನಾನೇ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸುತ್ತ, "ಟೀಚರ್, ಇವಳ ಹೆಸರನ್ನು ಪೆನ್ನಿನಲ್ಲಿ ಬರೆಯಿರಿ" ಎಂದರು.

ನಾನು ಜೋಳ ಕಿತ್ತೆ. ಶಾಂತಾ ನನ್ನ ಬೆರಳು ಹಿಡಿದು, ನೆಲ್ಲು ಎಲ್ಲಿಂದ ಶುರುವಾಗಬೇಕೆಂದು ತೋರಿಸಿದಳು.