ಕಿಟಕಿಗೆ ಜೋತುಬಿದ್ದ ಹುಡುಗಿ

ಏಳನೆಯ ಕಾರ್ಡೂ ಕೋಟಿನ ಒಳಜೇಬಿಗೆ ಇಳಿಯಿತು. ಎಂಟನೆಯದಕ್ಕೆ ಕೈ ಚಾಚುವಾಗ ಹಿಂದೆ ನಿಂತಿದ್ದ ಗ್ರಂಥಪಾಲಕಿ ಕೆಮ್ಮಿದಳು.

"ಮಾಸ್ಟರೇ, ಬೇಕಿದ್ರೆ ಕೇಳಿ, ಒಂದು ಕಟ್ಟೇ ಕೊಡ್ತೀನಿ. ನಿಮ್ಮ ಚಿತ್ರಾನ ನೀವೇ ಕದಿಯೋದಾ?"

ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು ಫೋಟೋ ಮಾಸ್ಟರಿಗೆ. ಶಾಲೆಗೆ ಸೇರುವ ಮಕ್ಕಳಿಂದ ಹಿಡಿದು ಪಿಂಚಣಿಯ ಮುದುಕರವರೆಗೆ ಊರಿನ ಮುಖಗಳನ್ನೆಲ್ಲ "ಗಲ್ಲ ಸ್ವಲ್ಪ ಮೇಲೆ" ಎಂದು ಎತ್ತಿಸಿದ್ದವರು, ಈಗ ತಮ್ಮ ತಲೆ ಎತ್ತಲಾರದೆ ನಿಂತರು.

ಊರಿನ ಹಳೆಯ ಚಿತ್ರಗಳ ಪ್ರದರ್ಶನಕ್ಕೆಂದು ಗ್ರಂಥಾಲಯ ಹನ್ನೆರಡು ಬಗೆಯ ಅಂಚೆಕಾರ್ಡುಗಳನ್ನು ಅಚ್ಚು ಹಾಕಿಸಿತ್ತು. ಗಡಿಯಾರದ ಗೋಪುರ, ಮೊದಲ ಬಸ್ಸು, ಟಾಕೀಸಿನ ಮುಂದಿನ ಸಾಲು. ಕೊನೆಯದು, ಮಾಸ್ಟರ ಜೇಬಿಗೆ ಇಳಿದದ್ದು, ಪ್ರವಾಹದ್ದು. ಸೇತುವೆ ಪಕ್ಕದ ಮನೆಯ ಮಹಡಿವರೆಗೂ ಏರಿದ ನೀರು. ಕಿಟಕಿಗೆ ಜೋತುಬಿದ್ದ ಐದಾರು ವರ್ಷದ ಹುಡುಗಿ.

"ಇದೊಂದನ್ನ ತೆಗೆದುಬಿಡಮ್ಮ. ಉಳಿದ ಹನ್ನೊಂದು ಸಾಲದಾ?"

"ಜನ ಬರ್ತಿರೋದೇ ಇದನ್ನ ನೋಡೋಕೆ."

"ಹಾಗಾದ್ರೆ ನನ್ನ ಹೆಸರನ್ನಾದ್ರೂ ಅಳಿಸು."

"ಅಯ್ಯೋ ಬಿಡಿ ಮಾಸ್ಟರೇ, ಆ ಹಳೇ ಮಾತೆಲ್ಲ ಈಗ ಯಾರಿಗೆ ನೆನಪಿದೆ?"

ಮಾಸ್ಟರಿಗೆ ನೆನಪಿತ್ತು. ನಲವತ್ತೈದು ವರ್ಷದ ಹಿಂದೆ ಪತ್ರಿಕೆಯ ಮೊದಲ ಪುಟದಲ್ಲಿ ಅದು ಬಂದಾಗ ಊರು ಮೊದಲು ಬೆರಗಾಯಿತು, ಆಮೇಲೆ ಉಗಿಯಿತು. ಮಗು ಮುಳುಗುತ್ತಿರುವಾಗ ಕ್ಯಾಮರಾ ಹಿಡಿದು ನಿಲ್ಲಲು ಮನಸ್ಸಾದರೂ ಹೇಗೆ ಬಂತು ಎಂದು ವಾರಗಟ್ಟಲೆ ಓದುಗರ ಪತ್ರಗಳು. ಸ್ಟುಡಿಯೊ ಬಾಗಿಲಿಗೆ ಯಾರೋ ಕೆಸರು ಬಳಿದರು. ಮಾಸ್ಟರು ತುಟಿ ಪಿಟಕ್ಕೆನ್ನಲಿಲ್ಲ. ಕೆಸರು ತೊಳೆದು, ಬಾಗಿಲು ತೆರೆದು ಕೂತರು.

ಅದೇ ನೀರು ಅವರ ತಮ್ಮನನ್ನೂ ಒಯ್ದಿತ್ತು. ಮೂರನೆಯ ದಿನ ಹೆಣ ಸಿಕ್ಕಿತು. ಎಲ್ಲೋ ಕಾಲು ಜಾರಿತೆಂದು ಅಮ್ಮ ಸಾಯುವವರೆಗೂ ನಂಬಿದ್ದಳು. ಆ ಸಾವನ್ನು ನೆನೆದು ಊರೂ ಕ್ರಮೇಣ ಬೈಯುವುದನ್ನು ಬಿಟ್ಟಿತು.

ಜೇಬಿನಿಂದ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ಮಾಸ್ಟರು ಬಾಗಿಲತ್ತ ಹೊರಟರು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅಡ್ಡ ನಿಂತಳು. ಕತ್ತರಿಸಿದ ಕೂದಲು, ಅಗಲವಾದ ಭುಜ, ಕೈಯಲ್ಲಿ ಅದೇ ಕಾರ್ಡು.

"ಇದನ್ನ ತೆಗೆದೋರು ನೀವೇನಾ?"

"ಹೌದು." ನಲವತ್ತೈದು ವರ್ಷ ಹೇಳಿ ಹೇಳಿ ರೂಢಿಯಾದ ಮಾತು.

"ಈ ಹುಡುಗಿ ನಾನೇ."

ಮಾಸ್ಟರು ಗೋಡೆಗೆ ಕೈ ಊರಿದರು. "ಬದುಕಿದ್ದೀಯೇನಮ್ಮಾ?"

"ಕೆಳಗಿನ ಊರಿನ ದೋಣಿಯವರು ಎತ್ಕೊಂಡ್ರಂತೆ. ಇನ್ನು ಈ ಊರೇ ಬೇಡ ಅಂತ ಅಪ್ಪ ನಮ್ಮನ್ನೆಲ್ಲ ಬೇರೆ ಕಡೆ ಕರ್ಕೊಂಡು ಹೋದ್ರು. ಈಗ ನಾನು ಮಕ್ಕಳಿಗೆ ಈಜು ಹೇಳಿಕೊಡ್ತೀನಿ."

ಚಿತ್ರ ನೋಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಮಾಸ್ಟರು ಕೈ ಜೋಡಿಸಿದರು. "ಬೈಯೋಕೆ ಬಂದಿದ್ರೆ ಬೈದುಬಿಡಮ್ಮ. ನೀನು ಒದ್ದಾಡ್ತಿರೋವಾಗ ಫೋಟೋ ತೆಗೆದಿದ್ದು ತಪ್ಪೇ."

"ಬೈಯೋದಾ?" ಅವಳು ಅವರ ಎರಡೂ ಕೈ ಹಿಡಿದುಕೊಂಡಳು. "ಊರವರು ಅಷ್ಟೆಲ್ಲ ಅಂದ್ರಂತಲ್ಲ, ಯಾಕೆ ಸುಮ್ಮನಿದ್ರಿ? ಒಂದೇ ಒಂದು ಫೋಟೋ. ಆಮೇಲೆ ಕ್ಯಾಮರಾನ ಸೇತುವೆ ಕಟ್ಟೆ ಮೇಲಿಟ್ಟು ನೀರಿಗೆ ಹಾರಿದ್ರಿ! ತೇಲಿಬಂದ ಬಾಗಿಲಿನ ಮೇಲೆ ನನ್ನನ್ನ ಹತ್ತಿಸಿ 'ಗಟ್ಟಿಯಾಗಿ ಹಿಡ್ಕೋ ಪುಟ್ಟಿ' ಅಂದ್ರಿ! ನನಗೆ ಮುಖ ನೆನಪಿಲ್ಲ, ಆ ದನಿ ಮಾತ್ರ ಇದೆ. ನೀವು ಮುಳುಗಿಹೋದ್ರಿ ಅಂದ್ಕೊಂಡಿದ್ದೆ. ಮೊನ್ನೆ ಪತ್ರಿಕೇಲಿ ಈ ಚಿತ್ರದ ಕೆಳಗೆ ನಿಮ್ಮ ಹೆಸರು ನೋಡಿ ಓಡಿಬಂದೆ."

ಗ್ರಂಥಪಾಲಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದೆ ನಿಂತವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಕೊಠಡಿಯೆಲ್ಲ ತುಂಬಿತು ಸದ್ದು. ಬಾಗಿಲಿಗೆ ಕೆಸರು ಬಳಿದವರ ಮಕ್ಕಳೂ ಅಲ್ಲಿದ್ದಿರಬಹುದು. "ಹೂಂ" ಎಂದರೆ ಸಾಕಿತ್ತು. ಅಷ್ಟೂ ಇಲ್ಲ, ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿರುವುದು ಮಾಸ್ಟರಿಗೆ ಹೊಸದೇನೂ ಅಲ್ಲ.

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. ಚಪ್ಪಾಳೆ ನಿಲ್ಲುವವರೆಗೂ ಕಾದರು.

"ಹಾರಿದವನು ಮುಳುಗಿಯೇ ಹೋದ, ತಾಯಿ. ಅವನು ನನ್ನ ತಮ್ಮ. ಫೋಟೋನೂ ಅವನದ್ದೇ. ಪಕ್ಕದಲ್ಲಿ ನಿಂತಿದ್ದ ನಾನು ಕಟ್ಟೆ ಮೇಲಿದ್ದ ಕ್ಯಾಮರಾ ಎತ್ಕೊಂಡು ಮನೆಗೆ ಬಂದೆ."