ಲಾರಿಯ ಮುಂಗಾಜು

"ರೀ, ನನ್ನ ಹಳೇ ಎಕ್ಸ್‌ರೇ ನೋಡಿದ್ರಾ?" ಹೆಂಡತಿ ಸರಳಾ ಬೀರು ತಡಕುತ್ತಾ ಕೇಳಿದಾಗ, ಪುಟ್ಟ ಲಾರಿಗೆ ಮುಂಗಾಜು ಅಂಟಿಸುತ್ತಿದ್ದ ಯೋಗಾನಂದನ ಕೈ ಅಲ್ಲೇ ನಿಂತಿತು. "ಲಂಗ್ಸಲ್ಲಿರೋ ಗಂಟು ಬೆಳ್ದಿದೆಯಾ ಅಂತ ಹೆಬ್ಬಾಳದ ಡಾಕ್ಟ್ರು ಹೋಲಿಸಿ ನೋಡ್ಬೇಕಂತೆ."

ತಗಡು, ರಟ್ಟು ಕತ್ತರಿಸಿ ಅವನು ಮೂರು ತಿಂಗಳಿಂದ ಕಟ್ಟುತ್ತಿರುವ ಲಾರಿ ಅದು. ಎಕ್ಸ್‌ರೇ ಹಾಳೆಯನ್ನು ಬ್ಲೀಚಿನಲ್ಲಿ ನೆನೆಸಿ ಉಜ್ಜಿದರೆ ಕಪ್ಪೆಲ್ಲ ಹೋಗಿ ಥೇಟ್ ಗಾಜೇ ಆಗುತ್ತದೆ. ಭಾನುವಾರ ಹಾಗೆ ಉಜ್ಜುವಾಗ, ಹಳೆಯದು ತಾನೇ ಎಂದುಕೊಂಡು, ಮೂಲೆಯಲ್ಲಿದ್ದ ಸರಳಾಳ ಹೆಸರನ್ನೂ ಅಳಿಸಿದ್ದ.

"ನನಗೇನ್ ಗೊತ್ತು? ನೀನೇ ಎಲ್ಲೋ ಇಟ್ಟಿರ್ತೀಯ," ಎಂದುಬಿಟ್ಟ.

ಅವಳು ಬರಿಗೈಯಲ್ಲಿ ಬಂದು ಮೇಜಿನ ಎದುರು ಬಗ್ಗಿದಳು. ಗಾಜಿನ ಆಚೆ ಅವಳ ಕಣ್ಣುಗಳು ನಿಚ್ಚಳವಾಗಿ ಕಂಡವು. "ಹೂಂ, ನಾನೇ ಎಲ್ಲೋ ಕಳ್ದಾಕ್ಬಿಟ್ಟೆ ಅನ್ಸುತ್ತೆ. ಬೈಬೇಡ್ರೀ."