ಟಿಕೆಟಿಲ್ಲದ ಕೊರಳು

ಗದಗದ ಬಸ್ಸುಗಳ ಬಾಗಿಲುಗಳು ಹತ್ತುವವರ ಕೊರಳೊಳಗೆ ನೋಡಿ, ಥೈರಾಯ್ಡ್ ಗಂಟಿದ್ದರೆ ಟಿಕೆಟಿನ ಮೇಲೆ ಹಾಗೆಂದು ಅಚ್ಚು ಹಾಕುತ್ತಿದ್ದವು. ಐವತ್ತು ದಾಟಿದ ಹೆಂಗಸರಲ್ಲಿ ಅರ್ಧ ಮಂದಿಗೆ ಗಂಟಿತ್ತು. ಅವರೆಲ್ಲ ಟಿಕೆಟ್ ಹಿಡಿದು ನೇರ ದವಾಖಾನೆಗೆ ಬರುತ್ತಿದ್ದರು. ನರ್ಸ್ ಮಹಾನಂದಾ ಬೆಳಗಿನಿಂದ ಅರವತ್ತು ಕೊರಳು ಮುಟ್ಟಿ, "ಏನೂ ಆಗಂಗಿಲ್ಲ, ವರ್ಷ ಬಿಟ್ಟು ಬರ್ರಿ" ಎಂದು ಅರವತ್ತು ಸಲ ಹೇಳಿದ್ದಳು. ಬೆರಳುಗಳು ಜೋಮು ಹಿಡಿದಿದ್ದವು.

ಈಗ ಎದುರಿಗೆ ಕೂತ ಫಕ್ಕೀರವ್ವನ ಕೈಯಲ್ಲಿ ಟಿಕೆಟ್ ಇರಲಿಲ್ಲ. ಸೊಪ್ಪು ಮಾರುವ ಆಕೆ ಎಲ್ಲಿಗೂ ನಡೆದೇ ಹೋಗುವವಳು.

"ಎರಡು ತಿಂಗಳಾತ್ರಿ ಸಿಸ್ಟರ್, ದನಿ ಬರವಲ್ದು," ಎಂದಳು ಗೊಗ್ಗರು ದನಿಯಲ್ಲಿ. "ಮೆಂತ್ಯೆ ಅಂತ ಕೂಗಿದ್ರ ಯಾರಿಗೂ ಕೇಳವಲ್ದು."

ಮಹಾನಂದಾ ಆಕೆಯ ಕೊರಳು ಮುಟ್ಟಿದಳು. ಗಂಟು ಕಲ್ಲಿನಂತೆ ಗಟ್ಟಿಯಾಗಿತ್ತು. ಬೆಳಗಿನಿಂದ ಮುಟ್ಟಿದ ಗಂಟುಗಳೆಲ್ಲ ನುಂಗಿದಾಗ ಮೇಲೆ ಕೆಳಗೆ ಸರಿದಿದ್ದವು; ಇದು ಉಗುಳು ನುಂಗಿಸಿದರೂ ಕದಲಲಿಲ್ಲ.

"ಎಲ್ಲಾರಿಗೂ ಏನಿಲ್ಲ ಅಂತೀರಿ. ನನಗೂ ಅಂದುಬಿಡ್ರಿ, ಹೋಗ್ತೀನಿ. ಪಲ್ಯೆ ಬಾಡತೈತಿ."

ಸಾಲು ಇನ್ನೂ ಗೇಟಿನ ತನಕ ಇತ್ತು. ಮಹಾನಂದಾ ಎದ್ದು ನಿಂತಳು.

"ನಿಮಗ ಹಂಗ ಅನ್ನಾಕ ಬರಂಗಿಲ್ಲವ್ವ. ದೊಡ್ಡ ಡಾಕ್ಟರ್ ಕಡೆ ಈಗ ಹೋಗೂಣು. ನಾನೂ ಬರ್ತೀನಿ."

ಸಾಲಿನಲ್ಲಿದ್ದವರು ಗೊಣಗತೊಡಗಿದರು. ಮಹಾನಂದಾ ಫಕ್ಕೀರವ್ವನ ಸೊಪ್ಪಿನ ಬುಟ್ಟಿಯನ್ನು ತನ್ನ ಸೊಂಟದ ಮೇಲಿಟ್ಟುಕೊಂಡು, ಆಕೆಯ ಕೈ ಹಿಡಿದು ಮೆಟ್ಟಿಲಿಳಿದಳು.